ಕಿವಿಗೆ ಎಣ್ಣೆ: ಬಳಗದ ಆಕ್ಷೇಪಗಳಿಗೆ ನನ್ನ ಉತ್ತರ

ಕೂಸಿನ ಕಿವಿಗೆ ಎಣ್ಣೆ ಬಿಡಬೇಡಿ ಎಂದು ನಾಮಕರಣದ ಮನೆಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಪಂಕ್ತಿ ಏಳುವುದರೊಳಗೆ ಅರ್ಧ ಬಳಗ ಎದುರಾಳಿಯಾಗಿತ್ತು. ಪಾಯಸದ ನಡುವೆ ಹೇಳಲಾಗದ್ದನ್ನು ಈಗ ಹೇಳುತ್ತೇನೆ.

"ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟ ರಾತ್ರಿಯೇ ಮಗು ನಿದ್ದೆ ಮಾಡಿತಲ್ಲ?" ಮಾಡಿತು, ಸುಳ್ಳಲ್ಲ. ಬೆಳಗ್ಗೆ ದಿಂಬು ನೋಡಿದಿರಾ? ಹಳದಿ ಕಲೆ ಇದ್ದರೆ, ಒಳಗೆ ತುಂಬಿದ್ದ ಕೀವು ಕಿವಿಯ ತಮಟೆ ಒಡೆದುಕೊಂಡು ಹೊರಬಂದಿದೆ ಎಂದೇ ಅನುಮಾನಿಸಿ. ಒತ್ತಡ ಇಳಿಯಿತು, ನೋವೂ ಇಳಿಯಿತು. ಕಲೆ ಇಲ್ಲದಿದ್ದರೂ ಇಂಥ ನೋವು ಹೆಚ್ಚಿನ ಮಕ್ಕಳಲ್ಲಿ ಎರಡು ಮೂರು ದಿನಕ್ಕೆ ತಾನೇ ತಗ್ಗುತ್ತದೆ. ಹೆಸರು ಮಾತ್ರ ಎಣ್ಣೆಗೆ. ಈ ನೋವಿನ ಬೇರು ಇರುವುದು ಮೂಗು ಗಂಟಲಲ್ಲಿ. ಅಲ್ಲಿಂದ ನಡುಕಿವಿಗೆ ಹೋಗುವ ನಳಿಕೆ ಎಳೆಯರಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡ. ನೆಗಡಿಯಾದಾಗ ರೋಗಾಣು ನುಗ್ಗುವುದು ಆ ದಾರಿಯಲ್ಲಿ. ತಮಟೆ ಗಟ್ಟಿಯಿದ್ದರೆ ನಿಮ್ಮ ಎಣ್ಣೆ ಅದರಾಚೆ ಹೋಗುವುದೇ ಇಲ್ಲ. ತೂತಾಗಿದ್ದರೆ ಹೋಗುತ್ತದೆ, ಹೋಗಬಾರದ ಕಡೆಗೆ.

"ಮುತ್ತಜ್ಜಿ ಕಾಲದಿಂದ ನಡೆದುಬಂದಿದೆ." ಕಿವಿ ಸೋರುವ ಹುಡುಗನೊಬ್ಬ ಆಗ ಕೇರಿಯಲ್ಲಿದ್ದನಲ್ಲ, 'ಕಿವುಡ' ಎಂದೇ ಅಡ್ಡಹೆಸರು? ಅವನನ್ನೂ ಲೆಕ್ಕಕ್ಕೆ ಸೇರಿಸಿ. ಮಳೆಗಾಲದ ತೇವಕ್ಕೆ ಎಣ್ಣೆ ಸೇರಿದರಂತೂ ಬೂಷ್ಟಿಗೆ ಹಬ್ಬ. ಡಾಕ್ಟರು ಇಣುಕಿದರೆ ಕಾಣುವುದು ಕಪ್ಪು ಚುಕ್ಕಿ ಹೊತ್ತ, ಒದ್ದೆ ಪೇಪರಿನಂಥ ಮುದ್ದೆ.

"ತಲೆಸ್ನಾನದ ನೀರು ಹೋಗಿಯೇ ಸೋರುವುದು." ಅರ್ಧ ಒಪ್ಪುತ್ತೇನೆ. ತಮಟೆ ತೂತಾದವರು ವ್ಯಾಸಲೀನ್ ಸವರಿದ ಹತ್ತಿ ಇಟ್ಟುಕೊಂಡೇ ಮೀಯಬೇಕು.

"ಗುಗ್ಗೆ ಕೊಳೆಯಲ್ಲವೇ, ತೆಗೆಯದೆ ಬಿಡುವುದೇ?" ಕಿವಿಯ ಚರ್ಮ ಒಳಗಿನಿಂದ ಹೊರಕ್ಕೆ ಸರಿಯುತ್ತ ಗುಗ್ಗೆಯನ್ನು ತಾನೇ ತಂದು ಹಾಕುತ್ತದೆ. ಬಡ್ಸು, ಪಿನ್ನು, ಸ್ಕೂಟರಿನ ಕೀಲಿ (ಯಾರೆಂದು ಅವರಿಗೇ ಗೊತ್ತು) ಅದನ್ನು ಇನ್ನಷ್ಟು ಗಿಡಿಯುತ್ತವೆ, ಚರ್ಮವನ್ನೂ ಗೀರುತ್ತವೆ. ದೊಡ್ಡವರ ಹೊರಕಿವಿಯ ಸೋಂಕು ಎಷ್ಟೋ ಸಲ ಆ ಗೀರಿನಿಂದಲೇ ಶುರು.

"ಬರೀ ಬೇಡ ಬೇಡ ಅಂತೀಯ, ಮಾಡುವುದೇನು?" 6 ತಿಂಗಳು ಎದೆಹಾಲು. ಬಾಟಲಿ ಹಿಡಿಯುವುದಾದರೆ ಮಗುವಿನ ತಲೆ ಎತ್ತಿ ಹಿಡಿಯಿರಿ. 6 ವಾರ, 14 ವಾರ, 9 ತಿಂಗಳಿಗೆ ಪಿಸಿವಿ ಲಸಿಕೆ. ಇದು ಮುಖ್ಯವಾಗಿ ನ್ಯುಮೋನಿಯಾ ತಡೆಯಲೆಂದು ಬಂದದ್ದು, ಕಿವಿ ಸೋಂಕನ್ನೂ ತುಸು ಇಳಿಸುತ್ತದೆ. 2021ರಿಂದ ದೇಶದೆಲ್ಲೆಡೆ ಸರ್ಕಾರಿ ಪಟ್ಟಿಯಲ್ಲಿದೆ, ಉಚಿತ. ಮತ್ತೆ, ಮನೆಯೊಳಗೆ ಬೀಡಿ ಸಿಗರೇಟಿನ ಹೊಗೆ ಬೇಡ.

ಈ ಕೊನೆಯದನ್ನು ಅಂದೇ ಹೇಳಿದ್ದೆ. ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪ ಸಿಗರೇಟು ಹಿಡಿದು ರಸ್ತೆಗಿಳಿದರು. ಅವರೊಬ್ಬರೇ ವಾದಿಸಲಿಲ್ಲ.