ದ್ರಾಕ್ಷಾರಸದ ಮನೆಯಂಗಳ

ವೈನನ್ನು ಬಲ್ಲವರು ಅದರ ರುಚಿಯಲ್ಲಿ ನೆಲದ ಗುಣವನ್ನು ಅರಸುತ್ತಾರೆ. ಮಣ್ಣು, ಮಳೆ, ಬಿಸಿಲು, ಇಳಿಜಾರು ಇವೆಲ್ಲ ಕೂಡಿ ಒಂದೂರಿನ ವೈನಿಗೆ ಇನ್ನೊಂದೂರಿನದಕ್ಕಿಲ್ಲದ ವ್ಯಕ್ತಿತ್ವವನ್ನು ಕೊಡುತ್ತವೆಂಬುದು ಫ್ರಾನ್ಸಿನವರು ಲೋಕಕ್ಕೆ ಕಲಿಸಿದ ಮಾತು. ಆ ಮಾತು ದಿಟವಾದರೆ ಅದು ವೈನರಿಯ ಹೆಬ್ಬಾಗಿಲಿನಲ್ಲಿಯೇ ಕಾಣಬೇಡವೆ?

2007ರಲ್ಲಿ ಕರ್ನಾಟಕ ಸರ್ಕಾರ ವೈನ್ ನೀತಿಯನ್ನು ತಂದ ಮೇಲೆ ನಮ್ಮಲ್ಲಿ ಈ ಉದ್ಯಮ ಬೆಳೆಯಿತು. ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿತೋಟಗಳು ಪ್ರವಾಸಿಗರನ್ನೂ ಕರೆಯುತ್ತಿವೆ. ಆದರೆ ಇಂಥಲ್ಲಿ ಉದ್ಯಾನವನ್ನು ಯೋಜಿಸುವವರ ಕಣ್ಣು ಬಹುಮಟ್ಟಿಗೆ ಇಟಲಿಯ ಚಿತ್ರಪಟದ ಮೇಲಿರುತ್ತದೆ. ಸೈಪ್ರೆಸ್ ಮರಗಳ ಸಾಲು, ವಿಶಾಲವಾದ ಹುಲ್ಲುಹಾಸು! ಮೆಡಿಟರೇನಿಯನ್ ನಾಡಿನಲ್ಲಿ ಚಳಿಗಾಲ ಮಳೆ ತರುತ್ತದೆ. ಸೈಪ್ರೆಸ್ ಆ ಹವೆಗೆ ಒಗ್ಗಿದ ಮರ. ನಮ್ಮದು ಮುಂಗಾರು ಹಿಂಗಾರುಗಳನ್ನು ನಂಬಿದ, ವರ್ಷವಿಡೀ ಹರಿಯುವ ಹೊಳೆಯಿಲ್ಲದ ಬಯಲುಸೀಮೆ. ಎಷ್ಟೋ ಕಡೆ ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದಿವೆ. ಅಲ್ಲಿಂದೆತ್ತಿದ ನೀರನ್ನು ಬೇಸಗೆಯಲ್ಲಿ ಹುಲ್ಲುಹಾಸಿಗೆ ಸುರಿಯುವುದು ನೆರೆಯ ರೈತನಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಹಾಗಾದರೆ ಏನನ್ನು ನೆಡಬೇಕು? ನೆರಳಿಗೆ ಹೊಂಗೆ, ಬೇವು. ಬೇಲಿಗೆ ತಂಗಡಿ, ಬಂದರಿಕೆ. ಇಳಿಜಾರಿನ ಬದುಗಳಿಗೆ ಲಾವಂಚ. ಅದರ ಬೇರು ನೇರವಾಗಿ ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ. ತಗ್ಗಿನಲ್ಲೊಂದು ಕುಂಟೆ ತೋಡಿದರೆ ಹರಿದುಹೋಗುವ ಮಳೆನೀರು ನಿಂತು ಇಂಗೀತು. ಚೆಲುವಿಗೂ ಕೊರತೆಯಿಲ್ಲ. ಫೆಬ್ರವರಿ, ಮಾರ್ಚಿಯಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ನಡೆವಾಗಲೇ ಮುತ್ತುಗ ಎಲೆಯುದುರಿಸಿ ಕೆಂಡದಂತೆ ಅರಳುತ್ತದೆ. ಅದರ ಹಿಂದೆಯೇ ಕಕ್ಕೆ ಹೊನ್ನಿನ ಗೊಂಚಲನ್ನು ಇಳಿಬಿಡುತ್ತದೆ.

ಹಣ್ಣಿನ ಮರ ಬೆಳೆಸಿದರೆ ಹಕ್ಕಿಗಳು ಬಂದು ದ್ರಾಕ್ಷಿಯನ್ನು ತಿಂದಾವೆಂಬ ಆಕ್ಷೇಪವುಂಟು. ಅದು ನ್ಯಾಯವಾದದ್ದೇ. ಆಲ, ಅತ್ತಿಗಳನ್ನು ದ್ರಾಕ್ಷಿಯ ಸಾಲಿನಿಂದ ದೂರವಿಡಬೇಕು. ನೇರಳೆಯ ಹಣ್ಣಾದರೋ ಕೊಯ್ಲು ಮುಗಿದ ಎಷ್ಟೋ ದಿನಗಳ ಮೇಲೆ, ಮುಂಗಾರಿನ ಹೊತ್ತಿಗೆ ಬರುತ್ತದೆ.

ದ್ರಾಕ್ಷಿಯೇ ಹೊರಗಿನಿಂದ ಬಂದದ್ದಲ್ಲವೆ ಎಂದು ಕೇಳುವವರೂ ಇದ್ದಾರೆ. ಹೌದು, ನಾವು ನಮ್ಮದೆಂದೇ ಬಗೆದಿರುವ ಗುಲ್‌ಮೊಹರ್ ಕೂಡ ಮಡಗಾಸ್ಕರಿನದು. ಹೊರಗಿನದನ್ನೆಲ್ಲ ಕಿತ್ತೊಗೆಯಬೇಕೆಂಬುದು ನನ್ನ ವಾದವಲ್ಲ. ಆದರೆ ನೆಲವನ್ನು ಕೇಳದೆ ನೆಟ್ಟುದರ ಫಲವನ್ನು ಈ ಸೀಮೆ ಉಂಡಿದೆ: ಎಕರೆಗಟ್ಟಲೆ ನೆಟ್ಟ ನೀಲಗಿರಿಯನ್ನು ಇನ್ನು ನೆಡಕೂಡದೆಂದು 2017ರಲ್ಲಿ ಸರ್ಕಾರವೇ ಆಜ್ಞೆ ಹೊರಡಿಸಬೇಕಾಯಿತು.

ದ್ರಾಕ್ಷಿ ನಮ್ಮ ಅತಿಥಿ. ಅತಿಥಿ ಬಂದನೆಂದು ಮನೆಯವರನ್ನು ಹೊರಗಟ್ಟುವುದು ಎಲ್ಲಿಯ ಸತ್ಕಾರ? ನೆಲದ ರುಚಿಯನ್ನು ಮಾರುವವರು ಆ ನೆಲದ ಗಿಡಮರಗಳಿಗೆ ಅಂಗಳದಲ್ಲಿ ಎಡೆ ಕೊಡಲಿ.