ತಕ್ಕಡಿಯ ಮಾತು, ತಂತಿಯಿಲ್ಲದೆ

ಹಳೆಯ ಕಂಪ್ಯೂಟರುಗಳ ಬೆನ್ನ ಹಿಂದೆ ಒಂಬತ್ತು ಪಿನ್ನುಗಳ ಒಂದು ಕಿಂಡಿ ಇರುತ್ತಿತ್ತು. ಮೇಲಿನ ಸಾಲಿನಲ್ಲಿ ಐದು, ಕೆಳಗೆ ನಾಲ್ಕು. ಅದರ ಹೆಸರು ಸೀರಿಯಲ್ ಪೋರ್ಟ್. ಮೋಡೆಮ್ ಅಲ್ಲಿಗೇ, ಒಂದು ಕಾಲಕ್ಕೆ ಮೌಸ್ ಕೂಡ ಅಲ್ಲಿಗೇ. 1996ರಲ್ಲಿ ಯುಎಸ್‌ಬಿ ಬಂದ ಮೇಲೆ ಈ ಕಿಂಡಿ ನಿಧಾನವಾಗಿ ಮರೆಯಾಗುತ್ತ ಹೋಯಿತು. ಇಂದಿನ ಲ್ಯಾಪ್‌ಟಾಪಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಆದರೆ ಆ ಕಿಂಡಿಯನ್ನೇ ನಂಬಿಕೊಂಡಿದ್ದ ಯಂತ್ರಗಳು ಮರೆಯಾಗಲಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿ, ಪ್ರಯೋಗಶಾಲೆಯ ಉಪಕರಣ, ಕಾರ್ಖಾನೆಯ ಲೇತ್, ದೂರದರ್ಶಕ ಇವೆಲ್ಲ ಇವತ್ತಿಗೂ ಆ ಹಳೆಯ ಭಾಷೆಯಲ್ಲೇ ಮಾತಾಡುತ್ತಿವೆ. ಕಂಪ್ಯೂಟರನ್ನು ಐದಾರು ವರ್ಷಕ್ಕೊಮ್ಮೆ ಬದಲಿಸುವವರಿದ್ದಾರೆ. ಚೆನ್ನಾಗಿ ನಡೆಯುತ್ತಿರುವ ತಕ್ಕಡಿಯನ್ನು ಯಾರು ಬದಲಿಸುತ್ತಾರೆ?

ಹಳ್ಳಿಯ ಹಾಲಿನ ಡೇರಿಯನ್ನೇ ತೆಗೆದುಕೊಳ್ಳಿ. ಬೆಳಗಿನ ಜಾವ ಹಾಲು ಹಾಕುವವರ ಸಾಲು. ಮುಂದಿನ ಕಟ್ಟೆಯ ಮೇಲೆ ತಕ್ಕಡಿ, ಪಕ್ಕದಲ್ಲಿ ಫ್ಯಾಟ್ ನೋಡುವ ಯಂತ್ರ, ಒಳಕೋಣೆಯಲ್ಲಿ ಕಂಪ್ಯೂಟರ್. ತೂಕ ಮತ್ತು ಫ್ಯಾಟ್ ಎರಡೂ ಕೇಬಲ್ಲಿನ ಮೂಲಕ ಒಳಗೆ ಹೋಗುತ್ತವೆ, ಚೀಟಿ ಹೊರಗೆ ಬರುತ್ತದೆ. ಆ ಚೀಟಿಯ ಅಂಕಿಗಳೇ ಮುಂದೆ ಬಟವಾಡೆಯ ಹಣವಾಗುತ್ತವೆ. ಈ ವ್ಯವಸ್ಥೆಯಲ್ಲಿ ಮೊದಲು ಸೋಲುವುದು ಯಂತ್ರವಲ್ಲ, ಕೇಬಲ್. ದಿನಕ್ಕೆರಡು ಬಾರಿ ನೆಲ ತೊಳೆಯುವ ನೀರು, ಕ್ಯಾನುಗಳ ಪೆಟ್ಟು, ರಾತ್ರಿ ಇಲಿಗಳ ಹಲ್ಲು. ಕೇಬಲ್ ಬೇಡ, ಗಾಳಿಯಲ್ಲೇ ಹೋಗಲಿ ಎಂಬ ಆಸೆ ಹುಟ್ಟುವುದು ಸಹಜ.

ಅದಕ್ಕೆಂದೇ ಬೆಂಕಿಪೊಟ್ಟಣದ ಗಾತ್ರದ ಅಡಾಪ್ಟರುಗಳು ಬಂದಿವೆ. ತಕ್ಕಡಿಯ ಸೀರಿಯಲ್ ಪೋರ್ಟಿಗೆ ಸಿಕ್ಕಿಸಿದರೆ ಬ್ಲೂಟೂತ್ ಮೂಲಕ ಕಂಪ್ಯೂಟರಿಗೆ ಸುದ್ದಿ ಕಳಿಸುತ್ತವೆ. ‘ಸಿಕ್ಕಿಸಿದರೆ ಆಯಿತು’ ಎಂದು ಮಾರುವವರು ಹೇಳುತ್ತಾರೆ. ಸಿಕ್ಕಿಸುವುದೇನೋ ಒಂದು ನಿಮಿಷದ ಕೆಲಸ. ಆದರೆ ಇಲ್ಲಿ ಹರಿಯುತ್ತಿರುವುದು ಒಂದು ಕುಟುಂಬದ ದುಡಿಮೆಯ ಲೆಕ್ಕ. ಆದ್ದರಿಂದ ಏನು ನಡೆಯುತ್ತಿದೆ ಎಂದು ತಿಳಿದೇ ಸಿಕ್ಕಿಸಬೇಕು.

ಸೀರಿಯಲ್ ಎಂದರೆ ಒಂದರ ಹಿಂದೊಂದು. ಕಿರಿದಾದ ಬದುವಿನ ಮೇಲೆ ಮಕ್ಕಳು ಸಾಲಾಗಿ ನಡೆದಂತೆ, ಒಂದೇ ತಂತಿಯಲ್ಲಿ ಬಿಟ್‌ಗಳು ಸಾಲಾಗಿ ಹೋಗುತ್ತವೆ. ಪ್ರತಿ ಅಕ್ಷರಕ್ಕೂ ಮುಂದೊಂದು ಆರಂಭದ ಬಿಟ್, ಹಿಂದೊಂದು ಮುಕ್ತಾಯದ ಬಿಟ್, ನಡುವೆ ಸಾಮಾನ್ಯವಾಗಿ ಎಂಟು ಬಿಟ್ ವಿಷಯ. ಒಟ್ಟು ಹತ್ತು. ಇವು ಎಷ್ಟು ವೇಗದಲ್ಲಿ ಬರುತ್ತವೆ ಎಂಬುದನ್ನು ಹೇಳಲು ಬೇರೆ ತಂತಿ ಇಲ್ಲ. ಎರಡೂ ಕಡೆಯವರು ಮೊದಲೇ ಮಾತಾಡಿಕೊಂಡಿರಬೇಕು. ಈ ವೇಗದ ಮಾನಕ್ಕೆ ಬಾಡ್ ಎಂದು ಹೆಸರು, ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಎಮಿಲ್ ಬೋದೊನ ನೆನಪಿಗೆ. 9600 ಬಾಡ್ ಎಂದು ಒಪ್ಪಿಕೊಂಡರೆ ಸೆಕೆಂಡಿಗೆ 960 ಅಕ್ಷರ. ಒಂದೊಂದು ಬಿಟ್ಟಿಗೂ ಸುಮಾರು 104 ಮೈಕ್ರೋಸೆಕೆಂಡ್. ಒಂದು ಕಡೆ 9600, ಇನ್ನೊಂದು ಕಡೆ 2400 ಇದ್ದರೆ ತೂಕದ ಬದಲು ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಹಾಗೆ ಮೂಡಿದರೆ ಗಾಬರಿ ಬೇಡ. ತಂತಿ ಸರಿಯಾಗಿಯೇ ಇದೆ, ವೇಗ ಮಾತ್ರ ಹೊಂದಿಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಏನೂ ಬಾರದಿದ್ದಾಗಲೇ ತಂತಿಯನ್ನು ಅನುಮಾನಿಸಬೇಕು.

ಇನ್ನು ವಿದ್ಯುತ್ತಿನ ಮಾತು. ಈ ಪೋರ್ಟಿನ ನಿಯಮಾವಳಿ ಅಮೆರಿಕದಲ್ಲಿ 1960ರಲ್ಲಿ ಹುಟ್ಟಿತು. ಹೆಸರು ಆರ್‌ಎಸ್-232; ಆರ್‌ಎಸ್ ಎಂದರೆ ಶಿಫಾರಸು ಮಾಡಿದ ಮಾನಕ ಎಂದಷ್ಟೆ. 1969ರಲ್ಲಿ ಅದರ ‘ಸಿ’ ಆವೃತ್ತಿ ಬಂತು. ಶಿಫಾರಸು ಇಷ್ಟು ದೀರ್ಘಾಯುಷಿಯಾಗುವುದೆಂದು ಬರೆದವರೂ ಎಣಿಸಿರಲಾರರು. ಅದರಲ್ಲಿ ‘ಒಂದು’ ಎಂಬುದನ್ನು ಋಣ 3ರಿಂದ 15 ವೋಲ್ಟ್, ‘ಸೊನ್ನೆ’ ಎಂಬುದನ್ನು ಧನ 3ರಿಂದ 15 ವೋಲ್ಟ್ ಎಂದು ತೋರಿಸುತ್ತಾರೆ. ನಮ್ಮ ಎಣಿಕೆಗೆ ತಲೆಕೆಳಗು! ಆದರೆ ಅಡಾಪ್ಟರಿನೊಳಗಿನ ರೇಡಿಯೋ ತುಣುಕಿಗೆ ತಿಳಿಯುವ ಭಾಷೆ ಬೇರೆ: ಸೊನ್ನೆಗೆ 0 ವೋಲ್ಟ್, ಒಂದಕ್ಕೆ 3.3 ವೋಲ್ಟ್. ಹಾಗಾಗಿ ನಡುವೆ ದುಭಾಷಿ ಬೇಕು. ಮ್ಯಾಕ್ಸ್3232 ಎಂಬಂಥ ಪುಟ್ಟ ಐಸಿ ಈ ಕೆಲಸ ಮಾಡುತ್ತದೆ. ನಾಲ್ಕಾರು ಕೆಪಾಸಿಟರುಗಳ ನೆರವಿನಿಂದ ಅದು ಕಡಿಮೆ ವೋಲ್ಟಿನಿಂದಲೇ ಧನ, ಋಣ ಎರಡನ್ನೂ ತಯಾರಿಸಿಕೊಳ್ಳುತ್ತದೆ.

ಅಂಗಡಿಯ ಸಿದ್ಧ ಅಡಾಪ್ಟರಿನಲ್ಲಿ ದುಭಾಷಿ ಒಳಗೇ ಇರುತ್ತದೆ. ಆದರೆ ಎಚ್‌ಸಿ-05 ಎಂಬ ಅಗ್ಗದ ಬ್ಲೂಟೂತ್ ಹಲಗೆಯನ್ನು ತಂದು ತಾನೇ ಬೆಸೆಯುವ ಉತ್ಸಾಹಿಗಳು ಇಲ್ಲಿ ಎಡವುತ್ತಾರೆ. ತಕ್ಕಡಿಯ ತಂತಿಯನ್ನು ನೇರವಾಗಿ ಈ ಹಲಗೆಗೆ ತಾಗಿಸಿದರೆ ಹಲಗೆ ಹಾಳಾಗುವ ಸಂಭವ ಹೆಚ್ಚು. ಹಾಳಾಗದಿದ್ದರೂ ತಲೆಕೆಳಗಾದ ಬಿಟ್‌ಗಳಿಂದ ಅರ್ಥ ಹುಟ್ಟುವುದಿಲ್ಲ.

ಒಂಬತ್ತು ಪಿನ್ನುಗಳಲ್ಲಿ ತಕ್ಕಡಿಗೆ ಬೇಕಾದವು ಮೂರೇ: 2, 3 ಮತ್ತು 5. ಐದನೆಯದು ನೆಲ, ಅಂದರೆ ಗ್ರೌಂಡ್. ಉಳಿದೆರಡರಲ್ಲಿ ಒಂದು ಮಾತಾಡುವುದು, ಒಂದು ಕೇಳುವುದು. ಯಾವುದು ಯಾವುದೆಂಬುದೇ ಹಳೆಯ ತಲೆನೋವು. ಕಂಪ್ಯೂಟರಿನಲ್ಲಿ 3 ಮಾತಾಡಿದರೆ ಮೋಡೆಮ್ಮಿನಲ್ಲಿ 2 ಮಾತಾಡುತ್ತದೆ, ತಕ್ಕಡಿ ಮಾಡುವವರು ತಮಗೆ ತೋಚಿದಂತೆ ಎರಡರಲ್ಲೊಂದನ್ನು ಅನುಸರಿಸುತ್ತಾರೆ. ಪುಸ್ತಕ ಕಳೆದುಹೋಗಿದ್ದರೆ ಒಂದು ಸುಲಭ ಉಪಾಯವುಂಟು. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು 5ಕ್ಕೆ ಹಿಡಿದು, ಕೆಂಪು ಕಡ್ಡಿಯನ್ನು 2ಕ್ಕೂ 3ಕ್ಕೂ ಒಂದೊಂದಾಗಿ ಮುಟ್ಟಿಸಿ. ಯಾವುದರಲ್ಲಿ ಋಣ 5ರಿಂದ 12 ವೋಲ್ಟ್ ಕಾಣುತ್ತದೆಯೋ ಅದೇ ತಕ್ಕಡಿಯ ಬಾಯಿ. ಸುಮ್ಮನಿರುವಾಗ ಆ ತಂತಿ ಋಣದಲ್ಲೇ ನಿಂತಿರುತ್ತದೆ. ಕಿವಿಯ ಪಿನ್ನಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ತಕ್ಕಡಿ ಬಿಡದೆ ಮಾತಾಡುವ ಜಾತಿಯದಾದರೆ ಬಾಯಿಯ ಪಿನ್ನಿನಲ್ಲಿ ಅಂಕಿ ತೂಗಾಡುತ್ತದೆ, ಅದೂ ಗುರುತೇ.

ಇಲ್ಲೇ ಒಂದು ಸಲಹೆ. ಡೇರಿಗೆ ಬೇಕಾಗಿರುವುದು ತಕ್ಕಡಿಯಿಂದ ಬರುವ ತೂಕ. ತಕ್ಕಡಿಗೆ ಹೇಳಬೇಕಾದ್ದು ಸಾಮಾನ್ಯವಾಗಿ ಏನೂ ಇಲ್ಲ. ಬಹಳ ತಕ್ಕಡಿಗಳು ಪೋರ್ಟಿನ ಮೂಲಕ ಅಪ್ಪಣೆಯನ್ನೂ ಸ್ವೀಕರಿಸುತ್ತವೆ. ಒಂದು ಅಕ್ಷರ ಕಳಿಸಿದರೆ ಸಾಕು, ಮೇಲಿರುವ ತೂಕವನ್ನು ಕಳೆದು ಸೊನ್ನೆ ತೋರಿಸುತ್ತವೆ. ಕೇಬಲ್ ಇದ್ದಾಗ ಅಪ್ಪಣೆ ಕೊಡಲು ಒಳಕೋಣೆಗೇ ಹೋಗಬೇಕಿತ್ತು. ರೇಡಿಯೋ ಆದ ಮೇಲೆ ಆ ಕಟ್ಟುಪಾಡಿಲ್ಲ. ಆದ್ದರಿಂದ ತಕ್ಕಡಿ ತಾನಾಗಿಯೇ ತೂಕ ಕಳಿಸುವಂಥದಾಗಿದ್ದರೆ ಅಡಾಪ್ಟರಿಗೆ ಎರಡೇ ತಂತಿ ಕೊಡುವುದು ಲೇಸು: ಬಾಯಿ ಮತ್ತು ಗ್ರೌಂಡ್. ಕಿವಿಯ ತಂತಿಯನ್ನು ಜೋಡಿಸಲೇಬೇಡಿ.

ಹಾಗೆಯೇ ಗುಪ್ತಸಂಖ್ಯೆ. ಈ ಹಲಗೆಗಳು ಕಾರ್ಖಾನೆಯಿಂದ ಬರುವಾಗ ಎಲ್ಲಕ್ಕೂ ಒಂದೇ ಹೆಸರು, ಸಂಖ್ಯೆ 1234. ಊರಿನ ಹೈಸ್ಕೂಲ್ ಹುಡುಗನಿಗೂ ಗೊತ್ತಿರುವ ಗುಟ್ಟು! ಬ್ಲೂಟೂತಿನ ಇಂಥ ಸಂಪರ್ಕ ಒಂದು ಸಲಕ್ಕೆ ಒಬ್ಬರೊಡನೆ ಮಾತ್ರ. ಯಾರದೋ ಫೋನು ಮೊದಲೇ ಅಂಟಿಕೊಂಡಿದ್ದರೆ ಡೇರಿಯ ಕಂಪ್ಯೂಟರಿಗೆ ಜಾಗವಿಲ್ಲ. ಹೆಸರನ್ನೂ ಸಂಖ್ಯೆಯನ್ನೂ ಮೊದಲ ದಿನವೇ ಬದಲಿಸಬೇಕು. ತಕ್ಕಡಿಗೊಂದು, ಫ್ಯಾಟ್ ಯಂತ್ರಕ್ಕೊಂದು ಅಡಾಪ್ಟರ್ ಹಾಕುವವರಂತೂ ಹೆಸರು ಬೇರೆ ಮಾಡದಿದ್ದರೆ ಯಾವುದು ಯಾವುದೆಂದು ತಿಳಿಯದೆ ಒದ್ದಾಡುತ್ತಾರೆ.

ಕಂಪ್ಯೂಟರಿನ ಕಡೆ ಹೆಸರು ಹುಡುಕಿ, ಸಂಖ್ಯೆ ಕೊಟ್ಟು ಜೋಡಿ ಮಾಡಿದರೆ ಅದು ಇಲ್ಲದ ಕಿಂಡಿಯೊಂದನ್ನು ಇದೆಯೆಂದು ನಟಿಸುತ್ತದೆ. ಹಳೆಯ ಲೆಕ್ಕದ ತಂತ್ರಾಂಶ ಅದನ್ನೇ ನಿಜವಾದ ಕಾಮ್ ಪೋರ್ಟ್ ಎಂದು ನಂಬುತ್ತದೆ. ವಿಂಡೋಸ್ ಸಾಮಾನ್ಯವಾಗಿ ಇಂಥ ಎರಡು ಪೋರ್ಟ್ ತೋರಿಸುತ್ತದೆ, ಒಂದು ಹೊರಹೋಗುವುದು, ಒಂದು ಒಳಬರುವುದು. ತೂಕ ಒಳಗೆ ಬರುತ್ತದಲ್ಲ ಎಂದು ಒಳಬರುವುದನ್ನು ಆರಿಸಿದರೆ ಕೆಲಸ ಕೆಟ್ಟಿತು. ಆ ಹೆಸರು ತೂಕದ ದಿಕ್ಕಿಗೆ ಸಂಬಂಧಿಸಿದ್ದಲ್ಲ, ಸಂಪರ್ಕಕ್ಕೆ ಮೊದಲು ಕರೆಯುವವರು ಯಾರು ಎಂಬುದಕ್ಕೆ. ಕರೆಯುವುದು ಕಂಪ್ಯೂಟರ್, ಆದ್ದರಿಂದ ಹೊರಹೋಗುವುದೇ ಸರಿ. ಇನ್ನೊಂದು ವಿಚಿತ್ರ: ಈ ನಟನೆಯ ಪೋರ್ಟಿನಲ್ಲಿ ಬಾಡ್ ಎಷ್ಟೆಂದು ಬರೆದರೂ ಸಾಮಾನ್ಯವಾಗಿ ವ್ಯತ್ಯಾಸವಾಗದು. ಹೊಂದಬೇಕಾದ್ದು ತಕ್ಕಡಿ ಮತ್ತು ಅಡಾಪ್ಟರ್ ನಡುವಿನ ಗೇಣುದ್ದದ ತಂತಿಯಲ್ಲಿ. ಇದನ್ನು ತಿಳಿಯದೆ ಕಂಪ್ಯೂಟರಿನಲ್ಲಿ ಅಂಕಿ ಬದಲಿಸುತ್ತ ಇಡೀ ದಿನ ಕಳೆದವರಿದ್ದಾರೆ.

ಸರಿ, ತೂಕ ಬಂತು. ಅದು ಸರಿಯಾದ ತೂಕವೇ?

ತಂತಿಯಲ್ಲಿ ಅಂಕಿಗಳು ಹೇಗೆ ಕೆಡಬಹುದೆಂದು ನೋಡಿ. ಆಸ್ಕಿ ಸಂಕೇತದಲ್ಲಿ 5 ಎಂಬ ಅಂಕಿ 0110101. ಇದರಲ್ಲಿ ಒಂದೇ ಒಂದು ಬಿಟ್ ಮಗುಚಿದರೆ 0110001 ಆಗಿ, ಅದು 1. ಅಂದರೆ 15 ಕಿಲೋ ಹಾಲು 11 ಆಯಿತು. ಇದನ್ನು ಹಿಡಿಯಲು ಪ್ಯಾರಿಟಿ ಎಂಬ ಹೆಚ್ಚುವರಿ ಬಿಟ್ ಇದೆ. ಒಂದುಗಳ ಸಂಖ್ಯೆ ಯಾವಾಗಲೂ ಸಮ ಇರುವಂತೆ ಅದು ನೋಡಿಕೊಳ್ಳುತ್ತದೆ. ಬೆಸ ಬಂದರೆ ಎಲ್ಲೋ ತಪ್ಪಿದೆ ಎಂದರ್ಥ. ತಕ್ಕಡಿಯಲ್ಲಿ ಈ ಸೌಲಭ್ಯವಿದ್ದರೆ ಬಳಸಿಕೊಳ್ಳುವುದೇ ಜಾಣತನ. ಎರಡು ಬಿಟ್ ಒಟ್ಟಿಗೆ ಮಗುಚಿದರೆ ಪ್ಯಾರಿಟಿಗೂ ತಿಳಿಯದು, ಇರಲಿ.

ಗಾಳಿಯಲ್ಲಿ ಹೋಗುವಾಗ ಇನ್ನೂ ಕೆಡುವುದಿಲ್ಲವೇ ಎಂದು ಹೆದರುವವರು ಹೆಚ್ಚು. ಸೋಜಿಗವೆಂದರೆ ರೇಡಿಯೋ ಭಾಗ ಈ ವಿಷಯದಲ್ಲಿ ತಂತಿಗಿಂತ ಶಿಸ್ತಿನದು. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹ್ಯಾರಲ್ಡನ ಅಡ್ಡಹೆಸರನ್ನು ಹೊತ್ತಿರುವ ಈ ಬ್ಲೂಟೂತ್ 2.4 ಗಿಗಾಹರ್ಟ್ಸ್ ಸುತ್ತಿನ 79 ಓಣಿಗಳಲ್ಲಿ ಸೆಕೆಂಡಿಗೆ 1600 ಬಾರಿ ಹಾರುತ್ತ ಮಾತಾಡುತ್ತದೆ. ಪ್ರತಿ ಪೊಟ್ಟಣದ ಜೊತೆಗೂ ತಾಳೆ ನೋಡುವ ಸಂಖ್ಯೆಯೊಂದು ಹೋಗುತ್ತದೆ. ತಾಳೆಯಾಗದಿದ್ದರೆ ಮತ್ತೆ ಕಳಿಸುತ್ತದೆ. ಆದ್ದರಿಂದ ಗಾಳಿಯಲ್ಲಿ 5 ಹೋಗಿ 1 ಆಗುವುದು ಅಪರೂಪಕ್ಕೆ ಅಪರೂಪ. ಆದರೆ ಮತ್ತೆ ಮತ್ತೆ ಕಳಿಸುವುದೆಂದರೆ ತಡವಾಗುವುದು. ಅಪಾಯ ಇರುವುದು ಅಲ್ಲಿ.

ಒಬ್ಬರ ಹಾಲು ತಕ್ಕಡಿಯ ಮೇಲಿದೆ ಎನ್ನಿ. ಆ ಹೊತ್ತಿಗೆ ರೇಡಿಯೋ ಕೊಂಚ ತಡೆಯಿತು. ಅವರ ತೂಕದ ಸಾಲುಗಳು ಅಡಾಪ್ಟರಿನಲ್ಲೇ ಕೂಡಿಬಿದ್ದವು. ಕ್ಯಾನು ಇಳಿಯಿತು, ಮುಂದಿನವರದು ಏರಿತು, ಸಂಪರ್ಕ ತೆರೆಯಿತು, ಹಳೆಯ ಸಾಲುಗಳು ಒಟ್ಟಿಗೆ ನುಗ್ಗಿದವು. ಕಂಪ್ಯೂಟರ್ ಮೊದಲು ಕಂಡ ಅಂಕಿಯನ್ನು ಹಿಡಿದು ಚೀಟಿ ಮುದ್ರಿಸಿತು. ಅಂಕಿ ಸ್ವಚ್ಛವಾಗಿಯೇ ಇದೆ, ಒಂದು ಬಿಟ್ಟೂ ಕೆಟ್ಟಿಲ್ಲ. ಆದರೆ ಹಾಲು ಇನ್ನೊಬ್ಬರದು. ಸಂಪರ್ಕ ಪೂರ್ತಿ ಕಡಿದಾಗ ಕೊನೆಯ ತೂಕವನ್ನೇ ತೆರೆಯ ಮೇಲೆ ನಿಲ್ಲಿಸಿಕೊಳ್ಳುವ ತಂತ್ರಾಂಶವಾದರೆ ಇನ್ನೂ ಕೇಡು. ಕೇಬಲ್ ತುಂಡಾದರೆ ತುಂಡಾಗಿದೆ ಎಂದು ಕಣ್ಣಿಗೆ ಕಾಣುತ್ತದೆ. ರೇಡಿಯೋ ಕಡಿದದ್ದು ಕಾಣುವುದಿಲ್ಲ.

ಇದಕ್ಕೆ ಪರಿಹಾರ ತಂತ್ರಾಂಶ ಬರೆಯುವವರ ಕೈಯಲ್ಲಿದೆ, ಕೇಳಿ ಮಾಡಿಸಿಕೊಳ್ಳುವ ಹಕ್ಕು ಡೇರಿಯದು. ಎರಡು ಸೆಕೆಂಡಿನಿಂದ ಹೊಸ ಸಾಲು ಬಾರದಿದ್ದರೆ ತೆರೆಯ ಮೇಲಿನ ತೂಕ ಅಳಿಯಬೇಕು. ಹೊಸ ಹೆಸರು ತೆಗೆದಾಗ ಕೂಡಿಬಿದ್ದ ಹಳೆಯ ಸಾಲುಗಳನ್ನು ಚೆಲ್ಲಬೇಕು. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಮೊದಲು ತಕ್ಕಡಿ ಸೊನ್ನೆಗೆ ಬಂದದ್ದನ್ನು ಕಂಡಿರಬೇಕು. ಜೊತೆಗೆ ಹಲವು ತಕ್ಕಡಿಗಳು ತೂಕದ ಮುಂದೆ ಎರಡಕ್ಷರ ಸೇರಿಸಿ ಕಳಿಸುತ್ತವೆ: ಅಂಕಿ ನಿಂತಿದ್ದರೆ ‘ಎಸ್‌ಟಿ’, ಇನ್ನೂ ಅಲುಗುತ್ತಿದ್ದರೆ ‘ಯುಎಸ್’. ಈ ಎರಡಕ್ಷರವನ್ನು ಕತ್ತರಿಸಿ ಬಿಸಾಡಿ ಅಂಕಿಯನ್ನಷ್ಟೇ ಓದುವ ತಂತ್ರಾಂಶಗಳಿವೆ. ಹಾಲು ಸುರಿಯುತ್ತಿರುವಾಗಿನ ಅಂಕಿಗೂ ನಿಂತ ಮೇಲಿನ ಅಂಕಿಗೂ ಅವಕ್ಕೆ ಭೇದವೇ ಇಲ್ಲ.

ಪರೀಕ್ಷೆ ಮಾಡುವ ಹೊತ್ತೂ ಮುಖ್ಯ. ಮಧ್ಯಾಹ್ನ ಖಾಲಿ ಡೇರಿಯಲ್ಲಿ ಅಡಾಪ್ಟರ್ ಕೂರಿಸಿ, ಹತ್ತು ಮೀಟರ್ ದೂರಕ್ಕೂ ಬರುತ್ತಿದೆ ಎಂದು ಬೀಗುವುದು ಸುಲಭ. 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಚೆನ್ನಾಗಿ ಹೀರುತ್ತದೆ. ಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ. ನೀರು ಬೆರೆಸಿದವರದು ಇನ್ನೂ ಹೆಚ್ಚು ಬಿಡಿ. ಮನುಷ್ಯ ದೇಹದಲ್ಲೂ ಹೆಚ್ಚಿನ ಪಾಲು ನೀರು. ಲೋಹದ ಕ್ಯಾನುಗಳು ಅಲೆಗಳನ್ನು ಅತ್ತಿತ್ತ ಚಿಮ್ಮಿಸುತ್ತವೆ. ಬೆಳಗಿನ ಆರೂವರೆಯಲ್ಲಿ, ನಲವತ್ತು ಜನ ಕ್ಯಾನು ಹಿಡಿದು ಕಟ್ಟೆಗೆ ಒತ್ತಿ ನಿಂತಾಗ ಅಡಾಪ್ಟರಿಗೂ ಕಂಪ್ಯೂಟರಿಗೂ ನಡುವೆ ನೀರಿನದೊಂದು ಗೋಡೆಯೇ ಎದ್ದಿರುತ್ತದೆ. ಆದ್ದರಿಂದ ಅಡಾಪ್ಟರನ್ನು ತಕ್ಕಡಿಯ ಬುಡದಲ್ಲಿ ಬಿಡದೆ, ಮೂರಡಿ ತಂತಿ ಕೊಟ್ಟು ಜನರ ತಲೆಗಿಂತ ಮೇಲೆ ಗೋಡೆಗೆ ಕಟ್ಟಬೇಕು. ಪರೀಕ್ಷೆಯನ್ನು ಸಾಲು ತುಂಬಿದ ಹೊತ್ತಿನಲ್ಲೇ, ಮುದ್ರೆ ಇರುವ ತೂಕದ ಕಲ್ಲಿಟ್ಟು, ತಕ್ಕಡಿಯ ಮುಖದ ಅಂಕಿಯನ್ನೂ ಚೀಟಿಯ ಅಂಕಿಯನ್ನೂ ಎದುರೆದುರು ಹಿಡಿದು ಮಾಡಬೇಕು. ಹಾಲು ಹಾಕುವವರೂ ನೋಡಲಿ.

ಅಡಾಪ್ಟರಿಗೆ ವಿದ್ಯುತ್ ಬೇಕು, ಸೀರಿಯಲ್ ಪೋರ್ಟ್ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಫೋನಿನ ಚಾರ್ಜರಿನಿಂದ 5 ವೋಲ್ಟ್ ಕೊಡಬಹುದು, ಆದರೆ ಕಂಪ್ಯೂಟರಿಗೆ ಇರುವ ಯುಪಿಎಸ್ಸಿನಿಂದಲೇ ಕೊಡಬೇಕು. ವಿದ್ಯುತ್ತಿಗೆಂದು ತಕ್ಕಡಿಯ ಪೆಟ್ಟಿಗೆ ಬಿಚ್ಚಿ ಒಳಗಿನಿಂದ ತಂತಿ ಎಳೆಯುವುದು ಮಾತ್ರ ಕೂಡದು. ವ್ಯಾಪಾರದ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಹನ್ನೆರಡು ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಆ ಮುದ್ರೆ ಒಡೆದರೆ ತೂಕಕ್ಕೆ ಕಾನೂನಿನ ಬೆಲೆಯಿಲ್ಲ. ರೇಡಿಯೋಗಾದರೋ ಪರವಾನಗಿಯ ಕಾಟವಿಲ್ಲ. ಈ ತರಂಗಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ನಮ್ಮ ದೇಶದಲ್ಲಿ 2005ರಲ್ಲೇ ವಿನಾಯಿತಿ ಸಿಕ್ಕಿದೆ.

ಹಳೆಯ ಕೇಬಲ್ಲನ್ನು ಗುಜರಿಗೆ ಹಾಕಬೇಡಿ. ಇಲಿ ಕಡಿದ ತುದಿಯನ್ನು ಕತ್ತರಿಸಿ, ಹೊಸ ಕನೆಕ್ಟರ್ ಬೆಸೆದು, ಸುತ್ತಿ ಕಂಪ್ಯೂಟರಿನ ಪಕ್ಕದ ಮೊಳೆಗೆ ನೇತುಹಾಕಿ. ಜೊತೆಗೆ ಯುಎಸ್‌ಬಿಯನ್ನು ಸೀರಿಯಲ್ ಮಾಡುವ ಪುಟ್ಟ ಪರಿವರ್ತಕವೊಂದಿರಲಿ. ಬಾಡ್ ಎಷ್ಟು, ಪ್ಯಾರಿಟಿ ಯಾವುದು, ಬಾಯಿ ಯಾವ ಪಿನ್ನು ಎಂಬುದನ್ನು ಒಂದು ರಟ್ಟಿನ ಮೇಲೆ ಬರೆದು ಅದಕ್ಕೇ ಕಟ್ಟಿಡಿ. ರೇಡಿಯೋ ಕೈಕೊಟ್ಟ ದಿನ ಕಾರ್ಯದರ್ಶಿ ಊರಲ್ಲಿಲ್ಲದಿದ್ದರೂ ಹಾಲು ಅಳೆಯುವವರು ಅದನ್ನು ನೋಡಿ ಜೋಡಿಸಿಕೊಳ್ಳಬಹುದು.