ಗಾಳ ಹಾಕುವ ಮಕ್ಕಳಿಗೆ ಎರಡು ನೀರಿನ ಪಾಠ

ಪೆರ್ನಾಲ್ ರಜೆಗೆ ಊರಿಗೆ ಹೊರಡುವಾಗ ನಮ್ಮ ಕಾರಿನ ಡಿಕ್ಕಿಯಲ್ಲಿ ಈಗೀಗ ಹೊಸ ಸಾಮಾನೊಂದು ಸೇರಿಕೊಂಡಿದೆ. ಉಮ್ಮನಿಗೆ ಕೊಂಡೊಯ್ಯುವ ರಸಬಾಳೆ ಚಿಪ್ಪು, ಮಕ್ಕಳ ಬಟ್ಟೆಬರೆ, ಅದರ ಪಕ್ಕದಲ್ಲಿ ಉದ್ದನೆಯ ಚೀಲದಲ್ಲಿ ಸುತ್ತಿಟ್ಟ ಫಿಶಿಂಗ್ ರಾಡ್. ಮೈಸೂರು, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಷ್ಟರಲ್ಲೇ ಹುಡುಗರ ಮಾತು ಶುರು: "ಈ ಸಲ ಕೆಂಬೇರಿ ಹಿಡಿಯದೆ ವಾಪಸ್ ಬರೋದಿಲ್ಲ."

ನಂಜನಗೂಡು, ತಿ. ನರಸೀಪುರದಲ್ಲಿ ಹೋಟೆಲು, ಬೇಕರಿ, ಅಂಗಡಿ ಅಂತ ನೆಲೆಯೂರಿದ ನಮ್ಮಂಥ ಬ್ಯಾರಿ ಮನೆಗಳಿಗೆ ನೀರು ಎರಡು. ದಿನನಿತ್ಯ ಕಣ್ಣೆದುರಿಗೆ ಇರುವುದು ಕಪಿಲೆ. ತಿ. ನರಸೀಪುರದವರಿಗೆ ಕಪಿಲೆಯೂ ಕಾವೇರಿಯೂ ಕೂಡುವ ಸಂಗಮ. ವರ್ಷಕ್ಕೆ ಎರಡು ಮೂರು ಬಾರಿ ಊರಿಗೆ ಹೋದಾಗ ಸಿಗುವುದು ನೇತ್ರಾವತಿಯ ಅಳಿವೆ, ಉಳ್ಳಾಲ, ಸುರತ್ಕಲ್‌ನ ಕಡಲು. ಗಾಳದ ಹವ್ಯಾಸ ಒಳ್ಳೆಯದೇ. ಮೊಬೈಲ್ ಬಿಟ್ಟು ಹುಡುಗರು ಎರಡು ಗಂಟೆ ತಾಳ್ಮೆಯಿಂದ ಕೂರುವುದನ್ನು ಬೇಡ ಅನ್ನಲು ನಮಗೆ ಮನಸ್ಸಿಲ್ಲ. ಆದರೆ ಒಂದು ನೀರನ್ನು ಬಲ್ಲವರು ಇನ್ನೊಂದನ್ನೂ ಬಲ್ಲೆವು ಅಂದುಕೊಳ್ಳುವುದನ್ನು ಕಂಡು ಭಯವಾಗಿ ಇದನ್ನು ಬರೆಯುತ್ತಿದ್ದೇವೆ.

ಕಳೆದ ವರ್ಷ ಪೆರ್ನಾಲಿನ ಮೂರನೇ ದಿನ ನಮ್ಮ ಮನೆಯ ಇಬ್ಬರು ಹುಡುಗರು ಕಡಲ ಬದಿಯ ಬಂಡೆಗೆ ಹೋದರು. ಕೈಯಲ್ಲಿದ್ದದ್ದು ಕಪಿಲೆಗೆಂದು ಕೊಂಡ ಆರೂವರೆ ಅಡಿಯ ರಾಡ್, ಸಣ್ಣ ರೀಲು. ಎಷ್ಟು ಬೀಸಿದರೂ ಗಾಳ ಅಲೆ ಒಡೆಯುವ ಜಾಗದಿಂದ ಆಚೆಗೆ ಬೀಳಲಿಲ್ಲ. ಒಂದು ಬಂಡೆ ಮುಂದೆ ಹೋದರು. ಮತ್ತೂ ಒಂದು ಬಂಡೆ ಮುಂದೆ ಹೋದರು. ಎಲ್ಲಿತ್ತೋ ಒಂದು ದೊಡ್ಡ ಅಲೆ, ದೊಡ್ಡವನ ಕಾಲು ಕಿತ್ತಿತು. ಚಿಕ್ಕವನು ಅಂಗಿ ಹಿಡಿದು ಎಳೆದ. ಮೊಣಕಾಲು ಸುಲಿಯಿತು, ರಾಡ್ ಹೋಯಿತು, ಮೊಬೈಲ್ ಹೋಯಿತು. ಹುಡುಗರು ಉಳಿದರು, ಅಲ್‌ಹಮ್ದುಲಿಲ್ಲಾಹ್.

ದಡದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯ ಕಾಕ ಒಬ್ಬರು ಅವರನ್ನು ಬೈಯಲಿಲ್ಲ. "ರಾಡ್ ಗಿಡ್ಡ ಆದ್ರೆ ಮನುಷ್ಯ ಮುಂದೆ ಹೋಗ್ತಾನೆ ಮೋನೆ. ಕಡಲಲ್ಲಿ ಮುಂದೆ ಹೋಗ್ಬಾರ್ದು" ಅಂದರಂತೆ. ಆ ಮಾತು ನಮ್ಮ ತಲೆಯಲ್ಲಿ ಉಳಿದುಬಿಟ್ಟಿದೆ.

ಇದರ ತಿರುವು ಮುರುವು ಕೂಡ ನೋಡಿದ್ದೇವೆ. ಮಳೆಗಾಲದಲ್ಲಿ ಊರಿನಿಂದ ಬಂದ ನೆಂಟರೊಬ್ಬರು ಕಡಲ ರಾಡ್ ಹಿಡಿದು ಸಂಗಮದ ಕೆಳಗೆ ನದಿಯ ನಡುವಿನ ಬಂಡೆ ಹತ್ತಿ ಕೂತರು. ಬಿಸಿಲಿತ್ತು, ಮಳೆ ಇರಲಿಲ್ಲ. "ಇದೆಂಥ ನೀರು ಮಾರಾಯ್ರೇ, ಅಲೆಯೇ ಇಲ್ಲ" ಅಂತ ನಕ್ಕರು. ಅಸರ್ ಹೊತ್ತಿಗೆ ದಾಟಿದ ನೀರು ಮೊಣಕಾಲಿಗಿತ್ತು. ಮಗ್ರಿಬ್‌ಗೆ ಮುಂಚೆ ವಾಪಸ್ ಬರುವಾಗ ಸೊಂಟ ಮುಟ್ಟಿತ್ತು. ಕಪಿಲೆಯ ನೀರು ಇಲ್ಲಿನ ಮಳೆ ನೋಡಿ ಏರುವುದಿಲ್ಲ. ವಯನಾಡಿನಲ್ಲಿ ಮಳೆ ಸುರಿದರೆ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ತುಂಬುತ್ತದೆ, ಗೇಟು ತೆಗೆಯುತ್ತಾರೆ, ನಮ್ಮೂರಲ್ಲಿ ಬಿಸಿಲಿರುವಾಗಲೇ ನದಿ ಉಬ್ಬುತ್ತದೆ. ಸಂಗಮದ ಕೆಳಗೆ ನಿಂತವರು ಇನ್ನೂ ಹೆಚ್ಚು ಎಚ್ಚರ ಇರಬೇಕು. ಅಲ್ಲಿಗೆ ಕಬಿನಿಯ ನೀರೂ ಬರುತ್ತದೆ, ಕೆಆರ್‌ಎಸ್‌ನಿಂದ ಬಿಟ್ಟ ಕಾವೇರಿಯ ನೀರೂ ಬರುತ್ತದೆ.

ಹಾಗಾಗಿ ರಾಡ್ ಕೊಳ್ಳುವಾಗ ಯಾವ ಕಂಪೆನಿ, ಎಷ್ಟು ರೇಟು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಸಾಮಾನು ಹಿಡಿದರೆ ನಮ್ಮ ಹುಡುಗ ಎಲ್ಲಿ ನಿಲ್ಲಬೇಕಾಗುತ್ತದೆ? ಸರಿಯಾದ ರಾಡ್ ಅಂದರೆ ಮನುಷ್ಯನನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಗಾಳವನ್ನು ಮಾತ್ರ ಮೀನಿರುವಲ್ಲಿಗೆ ಕಳಿಸುವ ರಾಡ್.

ಲೆಕ್ಕ ಹೀಗಿದೆ. ಕಪಿಲೆಯಲ್ಲಿ ಜಿಲೇಬಿ, ರೋಹು, ಸಣ್ಣ ಕಾಟ್ಲಾಕ್ಕೆ ಆರರಿಂದ ಏಳು ಅಡಿಯ ರಾಡ್, 2500 ಅಥವಾ 3000 ನಂಬರಿನ ರೀಲು, ನಾಲ್ಕರಿಂದ ಆರು ಕಿಲೊ ತಡೆಯುವ ಸಾದಾ ನೈಲಾನ್ ದಾರ ಧಾರಾಳ ಸಾಕು. ಎರೆಹುಳವೋ ಹಿಟ್ಟಿನ ಉಂಡೆಯೋ ಚುಚ್ಚಿ, ಬೆಂಡು ಕಟ್ಟಿ, ದಡದಲ್ಲೇ ಕೂರಬಹುದು. ಕಡಲ ಮರಳ ದಂಡೆಗೆ ಇದು ನಡೆಯುವುದಿಲ್ಲ. ಅಲ್ಲಿ ಹತ್ತರಿಂದ ಹನ್ನೆರಡು ಅಡಿಯ ರಾಡ್, 5000ಕ್ಕೆ ಮೇಲಿನ ರೀಲು, ಇನ್ನೂರು ಮೀಟರಿಗೆ ಕಡಿಮೆಯಿಲ್ಲದ ದಾರ, ಅಲೆಗೆ ಉರುಳದೆ ಮರಳಿನಲ್ಲಿ ಕಚ್ಚಿ ನಿಲ್ಲುವ ನೂರು ಗ್ರಾಂ ಆಸುಪಾಸಿನ ಸೀಸ ಬೇಕು. ಕಾಣೆ ಮೀನಿಗೆ ಸಣ್ಣ ಗಾಳ, ಸಿಗಡಿ ತುಂಡು. ಕೆಂಬೇರಿ, ಮುರು ಬಂಡೆಯ ಸಂದಿಯ ಮೀನುಗಳು. ಕಚ್ಚಿದ ಕೂಡಲೇ ಸಂದಿಗೆ ನುಗ್ಗುತ್ತವೆ. ಅವಕ್ಕೆ ದಪ್ಪ ದಾರವೇ ಆಗಬೇಕು.

ಎರಡು ರಾಡ್ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಒಂದೇ ತೆಗೆಯುವುದಾದರೆ ಎಂಟರಿಂದ ಒಂಬತ್ತು ಅಡಿಯ ರಾಡ್, 4000 ನಂಬರಿನ ರೀಲು ತೆಗೆಯಿರಿ. ನದಿಗೂ ಆಗುತ್ತದೆ, ಅಳಿವೆಯ ಒಳಗಿನ ನೀರಿಗೂ ಆಗುತ್ತದೆ. ಆದರೆ ಅದನ್ನು ಹಿಡಿದು ಅಲೆ ಬಡಿಯುವ ಬಂಡೆಗೆ ಹೋಗಬೇಡಿ. ಇದು ಮನೆಯ ಕಾನೂನಾಗಲಿ.

ದಾರದ ವಿಷಯದಲ್ಲೂ ಹುಡುಗರು ಮೋಸಹೋಗುತ್ತಾರೆ. ಹೆಣೆದ ಬ್ರೇಡ್ ದಾರ ತೆಳ್ಳಗಿದ್ದೂ ಗಟ್ಟಿ, ದೂರ ಹೋಗುತ್ತದೆ, ನಿಜ. ಆದರೆ ಬಂಡೆಗೆ, ಮರುವಾಯಿ ಚಿಪ್ಪಿಗೆ ಉಜ್ಜಿದರೆ ಪಟಕ್ಕಂತ ತುಂಡಾಗುತ್ತದೆ. ಅದರ ತುದಿಗೆ ಒಂದೆರಡು ಮಾರು ದಪ್ಪ ನೈಲಾನ್ ಕಟ್ಟಲೇಬೇಕು. ಬರಿಗೈಯಲ್ಲಿ ಸುತ್ತಿ ಎಳೆದರೆ ಬೆರಳು ಕೊಯ್ಯುತ್ತದೆ. ರೀಲಿನ ಬಿಗಿಯನ್ನು ದಾರದ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಡಬಾರದು. ಆರು ಕಿಲೊ ದಾರವಾದರೆ ಎರಡು ಕಿಲೊ ಎಳೆತಕ್ಕೆ ರೀಲು ಬಿಡುವಂತಿರಬೇಕು. ಮನೆಯಲ್ಲೇ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದು ನೋಡಬಹುದು.

ಕಡಲಿಂದ ಬಂದ ರಾಡ್, ರೀಲನ್ನು ಅದೇ ದಿನ ಸಿಹಿನೀರಲ್ಲಿ ಮೆಲ್ಲಗೆ ತೊಳೆದು, ನೆರಳಲ್ಲಿ ಒಣಗಿಸಿ, ಬಿಗಿ ಸಡಿಲಿಸಿ ಇಡಬೇಕು. ಪೈಪಿನಲ್ಲಿ ರಭಸವಾಗಿ ನೀರು ಬಿಟ್ಟರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ. ತೊಳೆಯದೆ ಡಿಕ್ಕಿಗೆ ಹಾಕಿ ನಂಜನಗೂಡಿಗೆ ತಂದ ರೀಲು ಮುಂದಿನ ಪೆರ್ನಾಲಿಗೆ ತಿರುಗುವುದಿಲ್ಲ.

ಇನ್ನು ಘಟ್ಟದ ಮೇಲೆ ಬೆಳೆದ ನಮ್ಮ ಮಕ್ಕಳಿಗೆ ಗೊತ್ತೇ ಇರದ ಕೆಲವು ಸಂಗತಿಗಳು. ಕಡಲಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ಐದು ಗಂಟೆಗೆ ಒಣಗಿದ್ದ ದಾರಿ ಇಂದೂ ಅದೇ ಐದಕ್ಕೆ ಒಣಗಿರುತ್ತದೆ ಅಂತಿಲ್ಲ. ಬಂಡೆಯ ಮೇಲೆ ಕಾಲಿಡುವ ಮೊದಲು ಹದಿನೈದಿಪ್ಪತ್ತು ನಿಮಿಷ ದೂರದಿಂದ ಅಲೆ ನೋಡಬೇಕು. ನೀರು ಹತ್ತಿ ಕಪ್ಪಾಗಿರುವ ಜಾಗ ನಿಲ್ಲುವ ಜಾಗವಲ್ಲ. ಕಡಲಿಗೆ ಬೆನ್ನು ಹಾಕಬಾರದು. ಗಾಳಿ ಇಲ್ಲ, ಮೋಡ ಇಲ್ಲ, ಆದರೂ ಎಲ್ಲೋ ದಕ್ಷಿಣದ ಸಾಗರದಲ್ಲಿ ಎದ್ದ ಅಲೆ ಇಲ್ಲಿಗೆ ಬಂದು ದಡಕ್ಕೆ ನುಗ್ಗುವುದುಂಟು. ಕೇರಳದ ಮೀನುಗಾರರು ಇದಕ್ಕೆ ಕಳ್ಳಕ್ಕಡಲ್ ಅಂತಾರೆ. ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು ಅಂತ ಬ್ಯಾರಿ ಮನೆಯವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇಂಥ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಮೊದಲು ನೋಡುವುದಕ್ಕೆ ಎರಡು ನಿಮಿಷ ಬೇಕು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳೇ ನಿಷೇಧದಿಂದ ಬಂದರಿನಲ್ಲಿ ಕಟ್ಟಿರುತ್ತವೆ. ಆ ಕಡಲಿಗೆ ನಮ್ಮ ಹುಡುಗರು ರಾಡ್ ಹಿಡಿದು ಹೋಗುವ ಮಾತೇ ಬೇಡ.

ತೊರಕೆಯ ಬಾಲದ ಮುಳ್ಳು ಚುಚ್ಚಿದರೆ ತಡೆಯಬಲ್ಲಷ್ಟು ಬಿಸಿನೀರಿನಲ್ಲಿ ಕಾಲಿಟ್ಟು ನೋವು ಇಳಿಸಿ, ನಂತರ ಆಸ್ಪತ್ರೆಗೆ ಕರೆದೊಯ್ಯಬೇಕು. ಮುಟ್ಟಿದರೆ ಚೆಂಡಿನ ಹಾಗೆ ಉಬ್ಬುವ ಮೀನು ಗಾಳಕ್ಕೆ ಬಂದರೆ ಯಾವ ಕಾರಣಕ್ಕೂ ಅಡುಗೆಮನೆಗೆ ತರಬಾರದು, ಅದರಲ್ಲಿ ವಿಷವಿರುತ್ತದೆ. ಇನ್ನೊಂದು ಮಾತು ನದಿ, ಕಡಲು ಎರಡಕ್ಕೂ ಅನ್ವಯ: ಈಗಿನ ಕಾರ್ಬನ್ ರಾಡ್‌ಗಳಲ್ಲಿ ಕರೆಂಟ್ ಹರಿಯುತ್ತದೆ. ನದಿ ದಡದ ಪಂಪ್‌ಸೆಟ್ಟಿನ ತಂತಿಯ ಕೆಳಗೆ ರಾಡ್ ಎತ್ತಬಾರದು. ಏಪ್ರಿಲ್, ಮೇಯಲ್ಲಿ ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ಕಟ್ಟಡದ ಒಳಗೆ ಹೋಗಬೇಕು. ಮರದಡಿಗೆ ಅಲ್ಲ.

ಇದನ್ನೆಲ್ಲ ಯಾರು ಹೇಳಿಕೊಡುತ್ತಾರೆ? ಇಲ್ಲೇ ನಮ್ಮ ತಪ್ಪಿದೆ. ಗಾಳದವರಲ್ಲಿ ಒಂದು ಹಳೇ ಜಿಪುಣತನವಿದೆ. ದೊಡ್ಡ ಮೀನಿನ ಫೋಟೊ ಎಲ್ಲರಿಗೂ ಕಳಿಸುತ್ತೇವೆ, ಜಾಗ ಕೇಳಿದರೆ "ಅಲ್ಲೇ ಎಲ್ಲೋ" ಅಂತ ಜಾರಿಕೊಳ್ಳುತ್ತೇವೆ. ಮೀನಿನ ಜಾಗ ಬೇಕಾದರೆ ಗುಟ್ಟಾಗಿರಲಿ. ಆದರೆ ಕಾಲು ಜಾರಿದ ಜಾಗ, ಸುಳಿ ಇರುವ ಜಾಗ, ಮರಳು ತೆಗೆದು ಹೊಂಡ ಬಿದ್ದ ಜಾಗ ಗುಟ್ಟಾಗಬಾರದು. ನಾಚಿಕೆಯಿಂದ ನಾವು ಮುಚ್ಚಿಟ್ಟ ನಮ್ಮದೇ ಹುಡುಗರ ಕಥೆಯನ್ನು ಇವತ್ತು ಇಲ್ಲಿ ಹೇಳಿದ್ದೂ ಅದಕ್ಕೇ.

ಗೊತ್ತಿದ್ದದ್ದನ್ನು ಬರೆದು ಹಂಚುವ ಪದ್ಧತಿ ನಮ್ಮ ಕಡೆಗೆ ಹೊಸದೇನಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಗಾಳದ ಬಗ್ಗೆ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಗಿತ್ತು. ಇತ್ತ ನಮ್ಮ ಕಪಿಲೆಯೂ ಸಾಮಾನ್ಯ ನದಿಯಲ್ಲ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಇದೇ ನದಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೊ ತೂಕದ ಮಹಶೀರ್ ಹಿಡಿದಿದ್ದರು. ಕಾವೇರಿ ಸೀಮೆಯಲ್ಲಿ ಮಾತ್ರ ಇರುವ ಆ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ತೀರಾ ಅಂಚಿಗೆ ಬಂದಿದೆ ಎಂದು 2018ರಲ್ಲಿ ಜಾಗತಿಕ ಪಟ್ಟಿಗೆ ಸೇರಿತು. ನಮ್ಮ ಗಾಳಕ್ಕೆ ಮಹಶೀರ್ ಬಿದ್ದರೆ ನೀರಿನಿಂದ ಮೇಲೆತ್ತದೆ ಗಾಳ ಬಿಡಿಸಿ ಕಳಿಸಿಬಿಡೋಣ. ಗಾಳದ ಮುಳ್ಳನ್ನು ಇಕ್ಕಳದಲ್ಲಿ ಮೊದಲೇ ಒತ್ತಿಟ್ಟರೆ ಬಿಡಿಸುವುದು ಸುಲಭ. ಮಗುವಿನ ಕೈಗೆ ಚುಚ್ಚಿದರೂ ಸಲೀಸಾಗಿ ಬರುತ್ತದೆ. ಹರಿದ ದಾರವನ್ನು ದಡದಲ್ಲಿ ಬಿಡಬಾರದು. ಹಕ್ಕಿಯ ಕಾಲಿಗೆ, ಹಸುವಿನ ಬಾಯಿಗೆ ಅದು ಸುತ್ತಿಕೊಳ್ಳುತ್ತದೆ. ನದಿಯ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುವ ಕಡೆಯೂ ಇದೆ, ಗಾಳ ಹಾಕುವ ಮೊದಲು ತಾಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಅದನ್ನೇ ನಂಬಿ ಬದುಕುವ ಬೆಸ್ತರ ಹೊಟ್ಟೆಯ ಪ್ರಶ್ನೆ ಅದು.

"ಇಷ್ಟೆಲ್ಲ ರಗಳೆ ಯಾಕೆ, ನೀರಿನ ಹತ್ತಿರ ಹೋಗಲೇಬೇಡಿ ಅಂದರೆ ಆಯ್ತಲ್ಲ" ಅನ್ನುವ ಹಿರಿಯರಿದ್ದಾರೆ. ಅವರ ಸಂಕಟ ನಮಗೂ ಅರ್ಥವಾಗುತ್ತದೆ. ರಜೆ ಬಂದಾಗಲೆಲ್ಲ ನದಿಯಲ್ಲಿ, ಕಡಲಲ್ಲಿ ಮಕ್ಕಳು ನೀರುಪಾಲಾದ ಸುದ್ದಿ ಓದದವರು ಯಾರಿದ್ದಾರೆ? ಆದರೆ ಬೇಡ ಅಂದ ಮಾತ್ರಕ್ಕೆ ಹುಡುಗರು ನಿಲ್ಲುವುದಿಲ್ಲ, ಹೇಳದೆ ಹೋಗುತ್ತಾರೆ. ಎಲ್ಲಿಗೆ ಹೋದರು ಅಂತಲೂ ಗೊತ್ತಾಗದ ಮನೆಯ ಉಮ್ಮ ಯಾರನ್ನು ಕಳಿಸಿ ಹುಡುಕಿಸಬೇಕು? ಕಲಿಸಿ, ಹೇಳಿ ಹೋಗುವಂತೆ ಮಾಡುವುದೇ ವಾಸಿ.

ನಾವು ಕೇಳುವುದು ದೊಡ್ಡದೇನಲ್ಲ. ರಾಡ್, ರೀಲಿಗೆ ನಾಲ್ಕೈದು ಸಾವಿರ ಕೊಡುವ ಮನೆಯವರು ಮೊದಲು ಲೈಫ್ ಜಾಕೆಟ್ ಕೊಳ್ಳಲಿ, ಉಳಿದ ದುಡ್ಡಿನಲ್ಲಿ ರಾಡ್ ತೆಗೆಯಲಿ. ಅದೂ ಕಷ್ಟವಾದರೆ ನಾಲ್ಕು ಮನೆಯವರು ಸೇರಿ ಐದಾರು ಜಾಕೆಟ್, ಒಂದು ಉದ್ದನೆಯ ಹಗ್ಗ ತಂದು ಮದ್ರಸದಲ್ಲೋ ಯಾರದಾದರೂ ಅಂಗಡಿಯಲ್ಲೋ ಇಡೋಣ. ಬೇಕಾದವರು ಹೆಸರು ಬರೆಸಿ ಒಯ್ಯಲಿ, ತಂದು ಕೊಡಲಿ. ಹೆಸರಿನ ಪಕ್ಕದಲ್ಲಿ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಅಂತಲೂ ಬರೆಯಲಿ. ಊರಿಗೆ ಹೋದಾಗ ಉಳ್ಳಾಲವೋ ಬೆಂಗರೆಯೋ, ಕಡಲಿಗಿಳಿದು ಜೀವ ಸವೆಸಿದ ಕಾಕಂದಿರು ನಮ್ಮ ನೆಂಟರಲ್ಲೇ ಇದ್ದಾರೆ. ರಾಡ್ ಹಿಡಿಯುವ ಮೊದಲು ಹುಡುಗರನ್ನು ಅವರ ಹತ್ತಿರ ಒಂದು ಗಂಟೆ ಕೂರಿಸೋಣ. ಅವರ ಮಕ್ಕಳು ನಮ್ಮಲ್ಲಿಗೆ ಬಂದಾಗ ಕಪಿಲೆಯ ಗೇಟಿನ ಕಥೆಯನ್ನು ನಾವು ಹೇಳೋಣ.

ಈ ಸಲ ನಮ್ಮ ಡಿಕ್ಕಿಯಲ್ಲಿ ರಸಬಾಳೆಯ ಪಕ್ಕದಲ್ಲಿ ಎರಡು ಕಿತ್ತಳೆ ಬಣ್ಣದ ಜಾಕೆಟ್ ಇರುತ್ತವೆ. ಹುಡುಗರಿಗೆ ಸ್ವಲ್ಪ ನಾಚಿಕೆ, ದಡದಲ್ಲಿ ಯಾರಾದರೂ ನಗುತ್ತಾರೆ ಅಂತ. ನಗಲಿ ಬಿಡಿ. ಕೆಂಬೇರಿ ಸಿಗದಿದ್ದರೆ ಬಂದರಿನಿಂದ ಬಂಗುಡೆ ತಂದು ಸಾರು ಮಾಡೋಣ. ಹುಡುಗರು ಹೊತ್ತಿಗೆ ಸರಿಯಾಗಿ ಬಂದು ಅದನ್ನು ಉಣ್ಣಲಿ.